ಮಂಚದ ಕಾಲಿನ ಸೈನ್ಯ

ನನ್ನ ಗಿರಣಿಯ ಸದ್ದಿಗೆ ದಳವಾಯಿ ಶಾಂತಮಲ್ಲಯ್ಯನವರ ಮಧ್ಯಾಹ್ನದ ನಿದ್ದೆ ಕೆಡುತ್ತದಂತೆ. ಎಷ್ಟೋ ವರ್ಷದಿಂದ ಕೆಡದೆ ಇದ್ದ ನಿದ್ದೆ, ಅವರು ಗಿರಣಿಯ ಹಿಂದಿನ ಗೋಡೆಗೆ ಒತ್ತಿಕೊಂಡು ಹೊಸ ಮಲಗುವ ಕೋಣೆ ಕಟ್ಟಿಸಿದ ಮೇಲೆ ಕೆಟ್ಟಿತು. ಕೋಣೆ ಕಟ್ಟಿಸಿದವರು ಅವರು, ಗಂಟುಮೂಟೆ ಕಟ್ಟಬೇಕಾದವಳು ನಾನು. ದಳವಾಯಿ ಎನ್ನುವುದು ಯಾವ ರಾಜ ಕೊಟ್ಟ ಪದವಿಯೂ ಅಲ್ಲ, ನಮ್ಮೂರಿಗೆ ರಾಜನೇ ಇಲ್ಲ. ಮೇಜಿನ ಮೇಲೆ ಒಂದೂ ಯುದ್ಧ ಸೋಲದವರು ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಾರೆ. ಉಳಿದವರು, ಮನೆಯಲ್ಲಿ ಊಟ ಇದ್ದಾಗ ತಮ್ಮನ್ನೂ ಕರೆಯಲಿ ಎಂದು, ಹಾಗೇ ಕರೆಯುತ್ತಾರೆ.

ನಮ್ಮೂರಲ್ಲಿ ಜಗಳ ಬಂದರೆ ಮೇಜಿನ ಮನೆಗೆ ಹೋಗಬೇಕು. ಒಳಗೆ ಉದ್ದಕ್ಕೆ ಒಂದು ಮೇಜು, ಅದರ ಮೇಲೆ ಮರಳಿನ ಗುಡ್ಡ, ನೀಲಿ ಬಟ್ಟೆಯ ಹೊಳೆ. ಎರಡು ಕಡೆಯವರೂ ತಮ್ಮ ತಮ್ಮ ಪಡೆ ತಂದು ನಿಲ್ಲಿಸುತ್ತಾರೆ. ಸರದಿ ಬಂದಾಗ ಬೇಕಾದಷ್ಟು ಆಳನ್ನು ನಡೆಸಬಹುದು. ಕಾಲಾಳು ಒಂದು ಸಲಕ್ಕೆ ಒಂದು ಗೇಣು ನಡೆಯಬಹುದು, ಕುದುರೆ ಮೂರು ಗೇಣು, ದಳಪತಿ ಮಾತ್ರ ನಿಂತ ಜಾಗ ಬಿಡುವಂತಿಲ್ಲ. ಎದುರಾಬದುರಾದರೆ ಕವಡೆ ಹಾಕುವುದು. ಹೆಚ್ಚು ಬಿದ್ದವರ ಆಳು ನಿಲ್ಲುತ್ತದೆ, ಇನ್ನೊಬ್ಬರದು ಬೀಳುತ್ತದೆ. ದಳಪತಿ ಬಿದ್ದರೆ ಯುದ್ಧ ಮುಗಿದಂತೆ, ಗೆದ್ದವರು ಹೇಳಿದ್ದೇ ನ್ಯಾಯ. ಬೇಲಿ, ಕೊಳಾಯಿ, ಪಾಲು, ಸೊಸೆಯನ್ನು ತವರಿಗೆ ಕಳಿಸುವುದು ಬಿಡುವುದು, ಎಲ್ಲವೂ ತೀರ್ಮಾನವಾಗುವುದು ಆ ಮರಳಿನ ಮೇಲೆಯೇ.

ಪಡೆ ಎಂದರೆ ಬೊಂಬೆಗಳು. ಒಂದೊಂದಕ್ಕೂ ಪೇಟ, ಸೊಂಟಪಟ್ಟಿ, ಕೈಯಲ್ಲಿ ಸೂಜಿಯಷ್ಟು ಕತ್ತಿ. ಮುಖ ಮಾತ್ರ ಊರಿನಲ್ಲಿ ಬದುಕಿರುವ ಯಾರದಾದರೂ ಆಗಿರುತ್ತದೆ, ಹಾಗೇ ನಡೆದುಕೊಂಡು ಬಂದಿದೆ. ಚಿತ್ರಗಾರ ಸಾಂಬಾಚಾರಿ ಎದುರಿಗೆ ಕೂರಿಸಿಕೊಂಡು ಹುಬ್ಬಿನ ಕೂದಲನ್ನೂ ಬಿಡದೆ ಬರೆಯುತ್ತಾನೆ. ಮೇಜಿನ ಮೇಲೆ ಬೊಂಬೆ ಬಿದ್ದರೆ, ಆ ಮುಖದವರು ಹೊಲದಲ್ಲಿರಲಿ ಸಂತೆಯಲ್ಲಿರಲಿ, ಅಲ್ಲೇ ಕುಸಿಯುತ್ತಾರೆ. ಚಳಿ, ನಡುಕ, ನಾಲಿಗೆಯೆಲ್ಲ ಕಹಿ, ಕಾಲು ತಮ್ಮದೇ ಅಲ್ಲವೇನೋ ಎನ್ನುವ ಹಾಗೆ. ಕೆಲವು ದಿನ ಹಾಸಿಗೆ ಹಿಡಿದು, ಗಂಜಿ ಕುಡಿದು, ಆಮೇಲೆ ಏಳುತ್ತಾರೆ. ಹೆಚ್ಚಿನವರು ಏಳುತ್ತಾರೆ.

ದೊಡ್ಡ ಮನೆಯವರು ತಮ್ಮ ಮಕ್ಕಳ ಮುಖವನ್ನು ಮೊದಲ ಸಾಲಿಗೆ ಬರೆಸುವುದಿಲ್ಲ ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಆಳುಕಾಳುಗಳ ಮುಖ ಇದೆಯಲ್ಲ. ಬಿದ್ದವರಿಗೆ ಯಜಮಾನರ ಮನೆಯಿಂದ ಗಂಜಿ ಬರುತ್ತದೆ, ಎದ್ದ ಮೇಲೆ ಕೆಂಪಂಚಿನ ಒಂದು ಪಂಚೆ. ಆ ಪಂಚೆ ಉಟ್ಟುಕೊಂಡು ಮದುವೆ ಮನೆಗೆ ಹೋದರೆ ಮುಂದಿನ ಪಂಕ್ತಿಯಲ್ಲೇ ಎಲೆ. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ಅವನು ಯಾರ ಪಡೆಯಲ್ಲಿ ಎಷ್ಟನೇ ಸಾಲಿನಲ್ಲಿದ್ದಾನೆ ಎಂದು ಕೇಳುತ್ತಾರೆ. ಯಾರ ಪಡೆಯಲ್ಲೂ ಮುಖ ಇಲ್ಲದವನನ್ನು ಕಂಡರೆ ಪಾಪ, ಅವನಿಗೇನೋ ಐಬು ಇರಬೇಕು ಅನ್ನುತ್ತಾರೆ.

ನಮ್ಮನೆಯವರು ಏಳಲಿಲ್ಲ. ದಳವಾಯಿಗಳಿಗೂ ಅವರ ಷಡ್ಡಕನಿಗೂ ಒಂದು ಬೇಲಿಯ ವಿಷಯಕ್ಕೆ ಯುದ್ಧವಾದಾಗ ದಳವಾಯಿಗಳ ಕಡೆ ಎರಡನೇ ಸಾಲಿನಲ್ಲಿ ಇವರ ಬೊಂಬೆ ನಿಂತಿತ್ತು. ಗಿರಣಿಯಲ್ಲಿ ಜೋಳ ಸುರಿಯುತ್ತಿದ್ದವರು ಕುಸಿದರು. ನಾನು ಹಿಡಿದುಕೊಂಡು ಬಂದು ಮಂಚದ ಮೇಲೆ ಮಲಗಿಸಿದೆ. ಗಂಜಿ ಬಂತು, ಕುಡಿಸಿದೆ, ಒಳಗೆ ಹೋಗಲಿಲ್ಲ. ಪಂಚೆಯೂ ಬಂತು, ಹೊದಿಸಲಿಕ್ಕೆ ಆಯಿತು. ಆ ಮಂಚವನ್ನು ಹಿತ್ತಿಲಿಗೆ ಹಾಕಿ ಅವರ ಜಾಗದಲ್ಲಿ ಗಿರಣಿಗೆ ನಿಂತೆ. ಬೇಲಿ ಮಾತ್ರ ದಳವಾಯಿಗಳಿಗೆ ಬೇಕಾದ ಕಡೆಯೇ ಇದೆ, ಈಗ ಅದರ ಮೇಲೆ ಹಾಗಲ ಬಳ್ಳಿ ಹಬ್ಬಿಸಿದ್ದಾರೆ.

ಯುದ್ಧದ ಕರೆ ತಂದವನು ನನ್ನ ಒಡಹುಟ್ಟಿದ ತಮ್ಮ ನಿಜಗುಣ. ದಳವಾಯಿಗಳ ಉಗ್ರಾಣದಲ್ಲಿ ಮೂಟೆ ಲೆಕ್ಕ ನೋಡುವ ಕೆಲಸ ಅವನದು. ಚಿಕ್ಕಂದಿನಿಂದ ಎದೆ ಸರಿಯಿಲ್ಲ, ಗಿರಣಿಯ ಬಾಗಿಲು ದಾಟಿದರೆ ಸಾಕು, ಹಿಟ್ಟಿನ ಧೂಳಿಗೆ ಕೆಮ್ಮು ಶುರು. ಅವತ್ತು ಹೊರಗೇ ನಿಂತು, ಬಾಯಿ ಕಿವಿಯವರೆಗೆ ಮಾಡಿಕೊಂಡು ಕರೆದ.

"ಅಕ್ಕಾ, ಬುದ್ಧಿಯೋರು ನನ್ನ ಮುಖ ಬರೆಸವ್ರೆ. ಮೊದಲ್ನೇ ಸಾಲು."

"ಯಾವ ಯುದ್ಧಕ್ಕೋ?"

"ನಿನ್ನ ಮೇಲಿನ ಯುದ್ಧಕ್ಕೇ. ಗಿರಣಿ ಎತ್ತಿಸಬೇಕಂತಲ್ಲ. ಅಮಾವಾಸ್ಯೆ ಕಳೆದ ಮಾರನೇ ದಿನ ನೀನು ಪಡೆ ತಗಂಡು ಬರಬೇಕಂತೆ."

"ನನ್ನ ಮೇಲೆ ಯುದ್ಧಕ್ಕೆ ನಿನ್ನ ಮುಖವಾ?"

"ಹೂಂ ಕಣಕ್ಕ. ಎಂಥಾ ದೊಡ್ಡ ಮನಸ್ಸು ನೋಡು. ಎದುರಾಳಿ ಕಡೆಯೋನು ಅಂತ ಭೇದ ಮಾಡ್ಲಿಲ್ಲ."

ಇವನ ತಲೆಯಲ್ಲಿ ಏನಿದೆ ಎಂದು ಒಂದು ಸಲ ಬಿಚ್ಚಿ ನೋಡಬೇಕು ಅನ್ನಿಸಿತು. "ಅಲ್ಲ ಕಣೋ, ನಾನು ಗೆಲ್ಲಬೇಕು ಅಂದ್ರೆ ನಿನ್ನ ಬೀಳಿಸಬೇಕಲ್ಲೋ. ನಿನ್ನ ಎದೆ ಆ ಚಳೀನ ತಡಕೊಳುತ್ತಾ?" ಎಂದೆ.

"ಬಿದ್ರೆ ಪಂಚೆ ಬತ್ತದೆ," ಎಂದು ಕೆಮ್ಮಿಕೊಂಡೇ ಹೋದ.

ದಳವಾಯಿಗಳು ದಡ್ಡರಲ್ಲ. ಆಮೇಲೆ ತಿಳಿಯಿತು, ಮೊದಲ ಸಾಲಿನ ಅಷ್ಟೂ ಮುಖ ನನ್ನ ಗಿರಣಿಗೆ ಬರುವವರದೇ. ದರ್ಜಿ ಪುಟ್ಟಮಾದ, ಇಡ್ಲಿ ಮಾರುವ ಕೆಂಚಮ್ಮ, ಬಳೆಗಾರ ಸಂಕಣ್ಣ, ಅವರ ನಡುವೆ ನನ್ನ ತಮ್ಮ. ಸೋತರೆ ಗಿರಣಿ ಹೋಗುತ್ತದೆ. ಗೆದ್ದರೆ ಗಿರಣಿಗೆ ಕಾಳು ತರುವವರೆಲ್ಲ ಮಲಗುತ್ತಾರೆ, ನಿಜಗುಣ ಏಳುವುದೇ ಅನುಮಾನ. ನಾನು ಯುದ್ಧಕ್ಕೇ ಬರುವುದಿಲ್ಲ, ಸೆರಗು ಹೊದ್ದುಕೊಂಡು ಬಂದು ಬೀಗದ ಕೈ ಕೊಟ್ಟು ಹೋಗುತ್ತೇನೆ ಎಂದು ಅವರು ಎಣಿಸಿದ್ದರು. ಕೋಣೆಗೆ ಹೊಸ ಹಾಸಿಗೆ ಕೂಡ ಹೊಲಿಯಲು ಹಾಕಿದ್ದರು.

ನನ್ನ ಮಾವನವರ ಕಾಲದ ಬೊಂಬೆಗಳು ಅಟ್ಟದ ಮೇಲಿದ್ದವು. ಇಳಿಸಿ ನೋಡಿದರೆ ಎಲ್ಲವೂ ಸತ್ತವರ ಮುಖ, ಮೇಜಿನ ಮೇಲೆ ನಡೆಯುವುದಿಲ್ಲ. ಹೊಸ ಮುಖ ಬರೆಸಿಕೋ ಎಂದು ಸಾಂಬಾಚಾರಿಯೇ ಮನೆಗೆ ಬಂದ. ಯಾರದನ್ನು ಬರೆಸಲಿ? ಯಾರನ್ನು ಮಲಗಿಸಲಿ? ಅವನು ಹಲ್ಲುಕಡ್ಡಿ ಕಚ್ಚಿಕೊಂಡು, "ನಿಮ್ಮ ಮುಖಾನೇ ಎಲ್ಲದಕ್ಕೂ ಬರೀಲಾ ಅಮ್ಮಾ? ಬಿದ್ದಷ್ಟೂ ಸಲ ನೀವೇ ಮಲಗಿದ್ರಾಯ್ತು," ಎಂದ. ಅದನ್ನು ಉಪಕಾರ ಎಂದೇ ಹೇಳಿದ, ಪಾಪ. ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿ ಹಿತ್ತಿಲಿಗೆ ಹೋದೆ. ಅಲ್ಲಿ ಮಂಚ ಬಿದ್ದಿತ್ತು. ಅದರ ಕಾಲು ಹಲಸಿನ ಮರದ್ದು, ಗಟ್ಟಿಯಾಗಿತ್ತು. ನಾನು ಗರಗಸ ತೆಗೆದುಕೊಂಡೆ.

ಕೊಯ್ಯುತ್ತಾ ಅತ್ತೆ. ಅತ್ತದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಮಂಚದ ಮೇಲೆ ಅವರು ಕೊನೆಯ ದಿನ ನನ್ನ ಕೈ ಹಿಡಿದು, ಗಿರಣಿಯ ಬೆಲ್ಟು ಸಡಿಲಾಗಿದೆ, ಬಿಗಿ ಮಾಡಿಸು ಎಂದಿದ್ದರು. ಅಷ್ಟೇ ಅವರ ಕೊನೆಯ ಮಾತು. ಕಾಲುಗಳನ್ನು ತುಂಡು ತುಂಡು ಮಾಡಿ, ಮರಳು ಕಾಗದದಲ್ಲಿ ಉಜ್ಜಿ, ಒಂದೊಂದರ ತಳಕ್ಕೂ ಇದ್ದಿಲಿನಲ್ಲಿ ಕಾಲಾಳು, ಕುದುರೆ ಎಂದು, ಒಂದು ಸಣ್ಣ ತುಂಡಿಗೆ ಮಾತ್ರ ದಳಪತಿ ಎಂದು ಬರೆದೆ. ಪೇಟ ಇಲ್ಲ, ಕತ್ತಿ ಇಲ್ಲ, ಮುಖವಂತೂ ಇಲ್ಲವೇ ಇಲ್ಲ. ಮಂಚದ ಪಟ್ಟಿ ಸಿಕ್ಕಿಸುವ ತೂತು ಇದ್ದ ತುಂಡು ಮಾತ್ರ ಎಷ್ಟು ಕೊಯ್ದರೂ ದಪ್ಪವಾಗಿಯೇ ಉಳಿಯಿತು. ಅದನ್ನು ಹಾಗೇ ಇಟ್ಟುಕೊಂಡೆ.

ಯುದ್ಧದ ದಿನ ಊರೇ ಮೇಜಿನ ಮನೆಯಲ್ಲಿತ್ತು. ದಳವಾಯಿಗಳು ಗಾಜಿನ ಪೆಟ್ಟಿಗೆ ತೆರೆದು ತಮ್ಮ ಪಡೆಯನ್ನು ರೇಷ್ಮೆ ಬಟ್ಟೆಯಲ್ಲಿ ಒರೆಸಿ ಒರೆಸಿ ನಿಲ್ಲಿಸಿದರು. ಗುಡ್ಡದ ಮೇಲೆ ಜರಿ ಪೇಟದ ದಳಪತಿ. ಅದಕ್ಕೆ ಅವರದೇ ಮುಖ. ಸಾಂಬಾಚಾರಿ ವಯಸ್ಸು ಅರ್ಧ ಇಳಿಸಿ, ಬಿದ್ದುಹೋದ ಹಲ್ಲನ್ನೂ ಕೊಟ್ಟಿದ್ದ. ಸೋಲದ ದಳಪತಿಗೆ ತನ್ನ ಮುಖ ಕೊಡುವುದರಲ್ಲಿ ಏನು ಧೈರ್ಯ ಬೇಕು? ಜನ ಮಾತ್ರ ಅಬ್ಬಬ್ಬಾ ಎಂದರು. ಮೊದಲ ಸಾಲಿನವರು ತಮ್ಮ ತಮ್ಮ ಬೊಂಬೆಗಳನ್ನು ಮನೆಯವರಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ನಾನು ಗೋಣಿಚೀಲ ಬಿಚ್ಚಿ ಮರದ ತುಂಡುಗಳನ್ನು ಮರಳಿನ ಮೇಲೆ ಸುರಿದೆ.

ಮೇಜಿನ ಮನೆ ನಕ್ಕ ನಗೆ ಗಿರಣಿಯ ಸದ್ದನ್ನೂ ಮೀರಿಸಿತು.

"ಏನಮ್ಮಾ ಚೆನ್ನಾಜಿ, ನೀರೊಲೆಗೆ ಹಾಕೋದನ್ನ ಇಲ್ಲಿಗೆ ತಂದಿದೀಯ," ಎಂದರು ದಳವಾಯಿಗಳು. "ಇದರಲ್ಲಿ ಕುದುರೆ ಯಾವುದು, ಆಳು ಯಾವುದು?"

"ಅದನ್ನ ಮೇಜುಗಾರರಿಗೆ ಹೇಳಿದ್ರೆ ಸಾಕಲ್ವಾ ಯಜಮಾನ್ರೆ," ಎಂದೆ.

ಮೇಜುಗಾರ ಎಂದರೆ ಯುದ್ಧದ ತೀರ್ಪು ಹೇಳುವ ತಿಮ್ಮರಸಯ್ಯನವರು. ದಪ್ಪ ಆಸಾಮಿ, ಹಸಿವು ತಡೆಯುವುದಿಲ್ಲ. ಅವತ್ತು ಯುದ್ಧ ಮುಗಿದ ಮೇಲೆ ದಳವಾಯಿಗಳ ಮನೆಯಲ್ಲಿ ಹೋಳಿಗೆ ಇತ್ತು, ಆದಷ್ಟು ಬೇಗ ಮುಗಿಯಲಿ ಎಂಬುದು ಅವರಿಗೆ ತಿಳಿದ ಏಕೈಕ ನ್ಯಾಯ. ಒಂದೊಂದು ತುಂಡನ್ನೂ ಎತ್ತಿ ತಳ ನೋಡಿದರು. "ಪ್ರತಿಯೊಂದೂ ಏನು ಅಂತ ಮೇಜುಗಾರನಿಗೆ ಗೊತ್ತಿರಬೇಕು ಅಂತಿದೆ. ಮುಖ ಬರೆದ್ರೆ ಬದುಕಿರೋರದೇ ಆಗಬೇಕು, ಆದ್ರೆ ಮುಖ ಇರಲೇಬೇಕು ಅಂತ ಎಲ್ಲೂ ಇಲ್ಲ," ಎಂದು ಹೊಟ್ಟೆ ಸವರಿಕೊಂಡರು. ಮುಖ ಇಲ್ಲದೆ ಯಾರಾದರೂ ಯುದ್ಧಕ್ಕೆ ಬಂದಾರು ಎಂದು ಕಟ್ಟಳೆ ಮಾಡಿದವರಿಗೆ ಹೊಳೆದೇ ಇರಲಿಲ್ಲ. ದಳವಾಯಿಗಳು ತಕರಾರು ಮಾಡಲಿಲ್ಲ. ಕಟ್ಟಿಗೆಯ ಮೇಲೆ ತಕರಾರು ಮಾಡಿದರು ಎನ್ನಿಸಿಕೊಳ್ಳುವುದು ಅವರ ಅಂತಸ್ತಿಗೆ ತಕ್ಕುದಲ್ಲ.

ಮೊದಲ ಆಟ ಅವರದು. ದರ್ಜಿ ಪುಟ್ಟಮಾದನ ಬೊಂಬೆ ಬಂದು ನನ್ನ ಒಂದು ತುಂಡಿನ ಎದುರು ನಿಂತಿತು. ದಳವಾಯಿಗಳು ಕವಡೆ ಕುಲುಕಿದರು. ಪುಟ್ಟಮಾದ ಗುಂಪಿನಲ್ಲಿ ನಿಂತು ಉಸಿರು ಬಿಗಿಹಿಡಿದುಕೊಂಡಿದ್ದ.

"ಬಿಟ್ಟೆ," ಎಂದೆ.

ತಿಮ್ಮರಸಯ್ಯನವರು ಕಿವಿಗೆ ಕೈ ಇಟ್ಟುಕೊಂಡು ಇನ್ನೊಮ್ಮೆ ಕೇಳಿದರು. ಕವಡೆ ಹಾಕದೆಯೇ ಬಿಟ್ಟೆ ಎಂದು ಹೇಳಿ ತನ್ನ ಆಳನ್ನು ಕೆಡವಿಕೊಳ್ಳಲು ಕಟ್ಟಳೆಯಲ್ಲಿ ಅವಕಾಶವಿದೆ. ಆದರೆ ಯಾರೂ ಹೇಳುವುದಿಲ್ಲ, ಕೆಡವಿಕೊಂಡರೆ ತಮ್ಮ ಕಡೆಯವರೊಬ್ಬರು ಕುಸಿಯುತ್ತಾರಲ್ಲ, ಕವಡೆ ಹಾಕಿ ನೋಡೋಣ ಎನ್ನುತ್ತಾರೆ. ನನ್ನ ಕಡೆ ಕುಸಿಯುವವರು ಯಾರು? ತುಂಡನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಊರಿನಲ್ಲಿ ಯಾರಿಗೂ ಸೀನು ಕೂಡ ಬರಲಿಲ್ಲ.

ಕೆಂಚಮ್ಮನ ಬೊಂಬೆ ಬಂತು, ಬಿಟ್ಟೆ. ಬಳೆಗಾರ ಸಂಕಣ್ಣ ಬಂದ, ಬಿಟ್ಟೆ. ನಿಜಗುಣನ ಬೊಂಬೆ ಒಂದರ ಹಿಂದೊಂದು ಎರಡು ತುಂಡು ಕೆಡವಿತು. ಅವನು ಗುಂಪಿನಲ್ಲಿ ನಿಂತು ನನ್ನನ್ನು ನೋಡದೆ ಪಕ್ಕದವನ ಬೆನ್ನು ತಟ್ಟುತ್ತಿದ್ದ. "ಇವತ್ತಿನ ನೀರೊಲೆಗೆ ಆಯ್ತು," ಎಂದರು ಯಾರೋ. "ನಾಳೆದಕ್ಕೂ ಆಯ್ತು," ಎಂದರು ಇನ್ಯಾರೋ. ದಳವಾಯಿಗಳು ಗೆದ್ದ ಖುಷಿಯಲ್ಲಿ ಮೀಸೆಯ ಮೇಲಿಂದ ಕೈ ತೆಗೆಯಲೇ ಇಲ್ಲ.

ನನ್ನ ಕಡೆ ಈಗ ಎದ್ದು ಕಾಣುತ್ತಿದ್ದದ್ದು ತೂತಿನ ಆ ದಪ್ಪ ತುಂಡು. ಅದನ್ನು ನಾನು ಮೇಜಿನ ಈ ತುದಿಗೆ ಇಟ್ಟು, ಎರಡು ಕೈಯನ್ನೂ ಅದರ ಅಕ್ಕಪಕ್ಕ ಕಾವಲಿನಂತೆ ಊರಿಕೊಂಡಿದ್ದೆ. ನಮ್ಮೂರಿನವರಿಗೆ ದೊಡ್ಡದಾಗಿ ಇರುವುದೇ ದೊಡ್ಡವರು, ಅದು ಹೊಟ್ಟೆಯಾಗಲಿ ಪೇಟವಾಗಲಿ. "ಅದೇ ಅವಳ ದಳಪತಿ, ಹಿಡೀರಿ," ಎಂದು ಗುಂಪಿನಿಂದಲೇ ಕೂಗಿದರು. ದಳವಾಯಿಗಳು ಮೊದಲ ಸಾಲು, ಎರಡನೇ ಸಾಲು, ಕುದುರೆ ಎಲ್ಲವನ್ನೂ ಅದರ ಮೇಲೆ ತಂದರು. ಗುಡ್ಡದ ಮೇಲೆ ಜರಿ ಪೇಟ ಒಂದೇ ಉಳಿಯಿತು. ಕೊನೆಗೆ ದಪ್ಪ ತುಂಡಿನ ಎದುರಿಗೂ ಬಂದರು, ಅದನ್ನೂ ಬಿಟ್ಟೆ ಎಂದೆ. ಜನ ಎದ್ದು ನಿಂತರು. ದಳವಾಯಿಗಳು ನನ್ನ ಗಿರಣಿಯ ಬೀಗದ ಕೈಗೆ ಕೈ ಚಾಚಿಯೇ ಬಿಟ್ಟರು.

ತಿಮ್ಮರಸಯ್ಯನವರು ತುಂಡನ್ನು ಎತ್ತಿ ತಳ ತೋರಿಸಿದರು. "ಕಾಲಾಳು," ಎಂದರು.

ಚಾಚಿದ ಕೈ ಹಾಗೇ ನಿಂತಿತು. ದಳಪತಿ ಎಂದು ಬರೆದ ಸಣ್ಣ ತುಂಡು ನನ್ನ ಕಡೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಈಗ ಆಟ ನನ್ನದು. ಹೊಳೆಯ ಅಂಚಿನಲ್ಲಿ ಎರಡು ತೆಳ್ಳನೆಯ ಚಕ್ಕೆ ಶುರುವಿನಿಂದಲೂ ಬಿದ್ದಿದ್ದವು. ಗರಗಸಕ್ಕೆ ಸಿಡಿದ ಕಸ ಎಂದು ದಳವಾಯಿಗಳು ಒಂದು ಸಲ ಅವನ್ನು ಬೆರಳಿನಲ್ಲಿ ಆಚೆ ತಳ್ಳಿಯೂ ಇದ್ದರು, ತಿಮ್ಮರಸಯ್ಯನವರು ಮಾತಾಡದೆ ಇದ್ದ ಜಾಗಕ್ಕೆ ತಂದಿಟ್ಟಿದ್ದರು. ನಾನು ಅವೆರಡನ್ನೂ ಮೂರು ಮೂರು ಗೇಣು ಅಳೆದು ಗುಡ್ಡದ ಬುಡಕ್ಕೆ ಇಟ್ಟೆ. ತಿಮ್ಮರಸಯ್ಯನವರು, "ಕುದುರೆ, ಕುದುರೆ," ಎಂದರು.

ದಳವಾಯಿಗಳು ತಮ್ಮ ಪಡೆಯ ಕಡೆ ನೋಡಿದರು. ಎಲ್ಲವೂ ಮೇಜಿನ ಈ ತುದಿಯಲ್ಲಿ ಒಂದು ಮಂಚದ ತುಂಡನ್ನು ಗೆದ್ದ ಸಂಭ್ರಮದಲ್ಲಿದ್ದವು. ಅಲ್ಲಿಂದ ಗುಡ್ಡ ಕುದುರೆಯ ಮೂರು ಗೇಣಿಗೂ ಎಟುಕದಷ್ಟು ದೂರ. ಆ ಕಡೆಗೆ ಸ್ವಲ್ಪ ಹತ್ತಿರ ಇದ್ದವನು ನಿಜಗುಣನೊಬ್ಬನೇ.

"ಬುದ್ಧೀ, ನನ್ನ ಎಳಕೊಳ್ಳಿ, ನಾನು ಅಡ್ಡ ನಿಂತ್ಕೋತೀನಿ," ಎಂದು ನನ್ನ ತಮ್ಮ ಗುಂಪನ್ನು ತಳ್ಳಿಕೊಂಡು ಮುಂದೆ ಬಂದ. ಕಣ್ಣಲ್ಲಿ ನೀರಿತ್ತು ಅವನಿಗೆ. ಅಕ್ಕನ ಗಿರಣಿ ಹೋಗುತ್ತದೆ ಎಂದಾಗ ಬಾರದ ನೀರು.

ಅವನು ಅಡ್ಡ ನಿಂತರೆ ನಾನು ಅವನ ಮೇಲೆಯೇ ಕವಡೆ ಹಾಕಬೇಕು. ಹಾಕುತ್ತಿರಲಿಲ್ಲ, ಗಿರಣಿ ಬಿಟ್ಟುಕೊಡುತ್ತಿದ್ದೆ. ದಳವಾಯಿಗಳು ಅವನನ್ನು ಒಂದು ಗೇಣು ನಡೆಸಿದರು. ನಾಲ್ಕು ಬೆರಳು ಸಾಲದೆ ಬಂತು. ಕಾಲಾಳಿಗೆ ಒಂದೇ ಗೇಣು ಎಂದು ಕಟ್ಟಳೆ ಮಾಡಿದ್ದೂ ಇಂಥ ದೊಡ್ಡ ಮನೆಯವರೇ, ಓಡಿಹೋಗದಿರಲಿ ಎಂದು.

ಮೊದಲ ಕುದುರೆಯನ್ನು ಜರಿ ಪೇಟದ ಎದುರು ನಿಲ್ಲಿಸಿ ಕವಡೆ ಹಾಕಿದೆ. ಸೋತೆ. ಚಕ್ಕೆಯನ್ನು ಚೀಲಕ್ಕೆ ಹಾಕಿದೆ. ಎರಡನೆಯದನ್ನು ನಿಲ್ಲಿಸಿದೆ. ಮನಸ್ಸಿನಲ್ಲಿ ನಮ್ಮನೆಯವರನ್ನು ನೆನೆದುಕೊಂಡು ಕವಡೆ ಚೆಲ್ಲಿದೆ. ದಳವಾಯಿಗಳೂ ಚೆಲ್ಲಿದರು. ತಿಮ್ಮರಸಯ್ಯನವರು ಬಗ್ಗಿ ಎಣಿಸಿ, ಇನ್ನೊಮ್ಮೆ ಎಣಿಸಿ, ಹೋಳಿಗೆ ಹೋಯಿತಲ್ಲ ಎಂಬ ಸಂಕಟದಲ್ಲಿ ತಮ್ಮ ಕೈಯಿಂದಲೇ ಜರಿ ಪೇಟವನ್ನು ಮರಳಿನ ಮೇಲೆ ಮಲಗಿಸಿದರು. ದಳವಾಯಿ ಶಾಂತಮಲ್ಲಯ್ಯನವರು ಇದೇನಿದು ಎನ್ನುವ ಹಾಗೆ ತಮ್ಮ ಕಾಲನ್ನು ನೋಡಿಕೊಂಡರು, ಆಮೇಲೆ ಕೆಳಗೆ ಕೂತರು, ಆಮೇಲೆ ಹಲ್ಲು ಕಟಕಟ ಎನ್ನತೊಡಗಿತು.

ಅವರನ್ನು ಎತ್ತಿಕೊಂಡು ಹೋಗಿ ಮಲಗಿಸಿದ್ದು ಹೊಸ ಕೋಣೆಯಲ್ಲಿ, ಹೊಸ ಹಾಸಿಗೆಯ ಮೇಲೆ. ಗೋಡೆಯ ಈಚೆ ನನ್ನ ಗಿರಣಿ. ನಾನು ಬೆಳಿಗ್ಗೆ ಶುರು ಮಾಡಿದರೆ ಸಂಜೆಯವರೆಗೆ ನಿಲ್ಲಿಸಲಿಲ್ಲ. ಬೀಸಲು ಏನೂ ಇಲ್ಲದಾಗ ನಮ್ಮ ಮನೆಯ ಜೋಳದ ಹಿಟ್ಟನ್ನೇ ಇನ್ನೊಂದು ಸಲ ಬೀಸಿದೆ. ಆ ವಾರದಷ್ಟು ನುಣ್ಣನೆಯ ಹಿಟ್ಟು ನನ್ನ ಗಿರಣಿಯಲ್ಲಿ ಯಾವತ್ತೂ ಬಂದಿಲ್ಲ.

ಜನ ಬಂದು ಕೊಂಡಾಡುತ್ತಾರೆ ಎಂದು ನಾನು ಕಾಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಪುಟ್ಟಮಾದ ಬಂದ, ಅಕ್ಕಿಯ ಚೀಲ ಕುಕ್ಕಿದ. "ನಮ್ಮನ್ನ ಒಬ್ರನ್ನಾದ್ರೂ ಬೀಳಿಸಬಾರದಾಗಿತ್ತಾ ಚೆನ್ನಾಜಮ್ಮ? ಮನೇಲಿ ಪಂಚೆ ಬತ್ತದೆ ಅಂತ ಹೇಳ್ಬುಟ್ಟಿದ್ದೆ. ಮೊದಲ್ನೇ ಸಾಲಲ್ಲಿ ನಿಂತು ನೆಟ್ಟಗೆ ಮನೆಗೆ ಬಂದವನೇ ಅಂತ ಬೀದಿಯೆಲ್ಲ ನಗ್ತದೆ," ಎಂದ. ಕೆಂಚಮ್ಮ ತನ್ನ ಉದ್ದನ್ನು ಆಚೆ ಬೀದಿಯಲ್ಲಿ ರುಬ್ಬಿಸಿದಳು. ನಿಜಗುಣ ನನ್ನ ಬಾಗಿಲ ಕಡೆ ತಲೆ ಹಾಕಲಿಲ್ಲ. ಅವನ ಕೆಮ್ಮು ಬೀದಿಯಲ್ಲಿ ಹೋಗುವಾಗ ಕೇಳಿಸುತ್ತಿತ್ತು. ಕೆಮ್ಮುತ್ತಾನಲ್ಲ, ಬದುಕಿದ್ದಾನೆ ಎಂದು ಸಮಾಧಾನ ಮಾಡಿಕೊಂಡೆ.

ಎದ್ದು ಓಡಾಡುವಂತಾದ ದಿನ ದಳವಾಯಿಗಳು ತಾವೇ ಗಿರಣಿಗೆ ಬಂದರು. ಮುಖ ಬತ್ತಿತ್ತು. ಮೂಟೆಯ ಮೇಲೆ ಕೂತರು, ಮೀಸೆಯ ಮೇಲೆ ಹಿಟ್ಟು ಕೂತಿತು, ಒರೆಸಿಕೊಳ್ಳಲಿಲ್ಲ. ನಾನು ಬೆಲ್ಟು ಕಳಚಿ ಸದ್ದು ನಿಲ್ಲಿಸಿದೆ.

"ಚೆನ್ನಾಜಿ, ಬೊಂಬೆ ಬಿದ್ರೆ ನಿಜವಾಗ್ಲೂ ಏಳಕ್ಕಾಗಲ್ಲ ಕಣಮ್ಮ," ಎಂದರು. "ಕಾಲು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ನಾಲಿಗೆ ವಿಷ ಆಗೋಗ್ತದೆ. ಇಷ್ಟು ವರ್ಷ ಅವರೆಲ್ಲ ಗಂಜಿಗೋಸ್ಕರ, ಪಂಚೆಗೋಸ್ಕರ ನಾಟಕ ಆಡ್ತಾರೆ ಅಂತಲೇ ನಾನು ತಿಳ್ಕೊಂಡಿದ್ದೆ."

"ನಮ್ಮನೆಯವರೂ ನಾಟಕ ಆಡಿದ್ರಾ ಯಜಮಾನ್ರೆ?"

"ನಿನ್ನ ಗಂಡನ ವಿಷಯದಲ್ಲಿ ಒಂಚೂರು ಅನುಮಾನ ಬಂದಿತ್ತು," ಎಂದರು.

ಕೈಗೆ ಸಿಕ್ಕಿದ್ದು ಹಿಟ್ಟು ಗುಡಿಸುವ ಪೊರಕೆ, ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಆದರೆ ಅವರ ಕಣ್ಣು ಕೆಂಪಾಗಿತ್ತು. ನಾನು ಹೆಂಗಸು, ಮನುಷ್ಯನಿಗೆ ತನ್ನ ತಪ್ಪು ಅರಿವಾಯಿತು ಎಂದು ನಂಬಿಬಿಟ್ಟೆ. "ಇನ್ನು ಮೇಲೆ ಯಾರನ್ನೂ ಮಲಗಿಸಬೇಡಿ. ನನ್ನ ಮರದ ತುಂಡುಗಳನ್ನೇ ಕೊಡ್ತೀನಿ, ಯುದ್ಧ ಬಂದಾಗ ತಗೊಂಡು ಹೋಗಿ," ಎಂದೆ. "ನೋಡೋಣ, ನೋಡೋಣ. ಈ ಸಂಕಟ ನನಗಂತೂ ಇನ್ನು ಬೇಡ," ಎಂದು ಎದ್ದು ಹೋದರು. ಮೀಸೆಯ ಹಿಟ್ಟಿನ ಸಮೇತ ಹೋದರು. ನಾನು ಆ ತುಂಡುಗಳನ್ನೆಲ್ಲ ಒರೆಸಿ, ಚೀಲಕ್ಕೆ ತುಂಬಿ, ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡೆ.

ಚೀಲ ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಬಂದವನು ನಿಜಗುಣ. ಈ ಸಲ ಬಾಗಿಲು ದಾಟಿ ಒಳಗೇ ಬಂದ, ಕೆಮ್ಮಿದ, ಮೂಗಿಗೆ ವಲ್ಲಿ ಹಿಡಿದುಕೊಂಡು ನಕ್ಕ. ಕೈಯಲ್ಲಿ ಸಕ್ಕರೆಯ ಪೊಟ್ಟಣ.

"ಅಕ್ಕಾ, ಬಾಯಿ ತೆಗಿ. ಬುದ್ಧಿಯೋರು ದಳಪತಿಗಿದ್ದ ತಮ್ಮ ಮುಖ ಕೆರೆಸಿ ಹಾಕವ್ರೆ."

"ಒಳ್ಳೇದಾಯ್ತು," ಎಂದೆ.

"ನನ್ನ ಮುಖ ಬರೆಸವ್ರೆ. ಅವತ್ತು ಅಡ್ಡ ನಿಂತ್ಕೋತೀನಿ ಅಂದ್ನಲ್ಲ, ಅದಕ್ಕೆ. ಜರಿ ಪೇಟ ಈಗ ನಂದೇ ಕಣಕ್ಕ."

ಅವನು ನನ್ನ ಬಾಯಿಗೆ ಸಕ್ಕರೆ ಹಾಕಿದ. ನಾನು ನುಂಗಿದೆ, ಏನು ಮಾಡಲಿ. ಅವನು ಸಕ್ಕರೆ ಹಂಚಿಕೊಂಡು ಪಕ್ಕದ ಮನೆಗೆ ಹೋದ. ಗೋಡೆಯ ಆಚೆ ದಳವಾಯಿಗಳ ಗೊರಕೆ ಕೇಳುತ್ತಿತ್ತು. ನಾನು ಬೆಲ್ಟು ಸಿಕ್ಕಿಸಿ, ಗಿರಣಿ ಶುರು ಮಾಡಿ, ನಿಜಗುಣನ ಗಂಜಿಗೆ ಬೇಕಾಗುತ್ತದೆಂದು ಒಂದು ಡಬ್ಬಿ ಅಕ್ಕಿ ನುಚ್ಚು ಒಡೆದಿಟ್ಟೆ.